ಸೈಕಲ್ ಕಂಪ್ಯೂಟರ್ ಮಾರಿದರೆ ಸಾಲದು, ಅಳತೆ ಹಾಕಿಕೊಡಿ

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಊರುಗಳ ಸೈಕಲ್ ಅಂಗಡಿಗಳಲ್ಲಿ ಈಗ ವೇಗ, ದೂರ ತೋರಿಸುವ ವೈರ್‌ಲೆಸ್ ಸೈಕಲ್ ಕಂಪ್ಯೂಟರ್, ಅದರ ಜೊತೆಗೆ ಹೃದಯ ಬಡಿತ ಅಳೆಯುವ ಎದೆಪಟ್ಟಿ, ಪೆಡಲ್ ಸುತ್ತು ಎಣಿಸುವ ಕೇಡೆನ್ಸ್ ಸೆನ್ಸರ್ ಎಲ್ಲವೂ ಸಿಗುತ್ತವೆ. ಆರೋಗ್ಯಕ್ಕೆಂದು ಸೈಕಲ್ ಹಿಡಿದ ಮಧ್ಯವಯಸ್ಕರೂ ಕೊಳ್ಳುತ್ತಿದ್ದಾರೆ. ಆದರೆ ಎಷ್ಟೋ ಕಡೆ ಡಬ್ಬಿ ಕೈಗಿಟ್ಟು ಬಿಲ್ ಬರೆದರೆ ಅಂಗಡಿಯವರ ಕೆಲಸ ಮುಗಿಯಿತು. ಒಳಗಿರುವ ಸೂಚನಾ ಹಾಳೆಯಲ್ಲಿ ಕನ್ನಡ ಇರುವುದಿಲ್ಲ. ವೇಗ ತಪ್ಪು ತೋರಿಸಿದರೆ ಹೋಗಲಿ ಎನ್ನಬಹುದು. ಹೃದಯ ಬಡಿತದ ತಪ್ಪು ಅಂಕಿ ನಂಬಿ ಮೈ ದಂಡಿಸುವುದು ಅಪಾಯ. ಆದ್ದರಿಂದ ಈ ಪತ್ರ.

ಮೊದಲು ಚಕ್ರದ ಸುತ್ತಳತೆ. ಚಕ್ರ ಒಂದು ಸುತ್ತು ಬಂದರೆ ಎಷ್ಟು ದೂರ ಸಾಗಿತು ಎಂಬುದನ್ನು ಯಂತ್ರಕ್ಕೆ ನಾವೇ ಮಿಲಿಮೀಟರ್‌ನಲ್ಲಿ ಹೇಳಿಕೊಡಬೇಕು. 700x25 ಟೈರ್‌ಗೆ (25 ಎಂಬುದು ಟೈರಿನ ಅಗಲ, ಮಿ.ಮೀ.ನಲ್ಲಿ) ಸುಮಾರು 2105, 700x38ಕ್ಕೆ ಸುಮಾರು 2180. ಹೈಬ್ರಿಡ್ ಸೈಕಲ್ಲಿನಲ್ಲಿ 38ರ ಟೈರ್ ಇದ್ದು, ಕಂಪ್ಯೂಟರಿನಲ್ಲಿ 2105 ಹಾಗೇ ಉಳಿದರೆ 200 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿದಾಗ ಪರದೆಯಲ್ಲಿ 193 ಎಂದಷ್ಟೇ ಇರುತ್ತದೆ. ತಿರುವುಗಳನ್ನು ಕಿ.ಮೀ. ಲೆಕ್ಕದಲ್ಲಿ ಹಿಡಿದು ಹೋಗುವವರು ದಾರಿ ತಪ್ಪುವುದು ಹೀಗೇ. ಕೋಷ್ಟಕಕ್ಕಿಂತ ಸ್ವತಃ ಅಳೆಯುವುದು ಮೇಲು. ಟೈರ್‌ಗೆ ಎಂದಿನಷ್ಟು ಗಾಳಿ ತುಂಬಿ, ವಾಲ್ವ್ ನೆಲದ ಕಡೆ ಬಂದಾಗ ಚಾಕ್‌ಪೀಸಿನಿಂದ ಗುರುತು ಹಾಕಿ, ಸೀಟಿನ ಮೇಲೆ ಕುಳಿತೇ ನೇರವಾಗಿ ಮೂರು ಸುತ್ತು ಮುಂದೆ ಸಾಗಿ, ಮತ್ತೆ ಗುರುತು ಹಾಕಿ. ನಡುವಿನ ದೂರವನ್ನು ಮೂರರಿಂದ ಭಾಗಿಸಿ. ಕುಳಿತೇ ಏಕೆಂದರೆ, ಸವಾರನ ಭಾರಕ್ಕೆ ಟೈರ್ ಅಮುಕಿ ಸುತ್ತಳತೆ ತುಸು ಕಡಿಮೆಯಾಗುತ್ತದೆ. ಜಿಪಿಎಸ್ ಇರುವ ಹಲವು ಮಾದರಿಗಳು ಇದನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತವೆ.

ಅಯಸ್ಕಾಂತದ ಸೆನ್ಸರ್ ಆದರೆ, ಕಡ್ಡಿಗೆ ಕಟ್ಟಿದ ಅಯಸ್ಕಾಂತವು ಸೆನ್ಸರ್ ಮೇಲಿನ ಗುರುತಿನ ಎದುರೇ, 3ರಿಂದ 5 ಮಿ.ಮೀ. ಅಂತರದಲ್ಲಿ ಹಾಯಬೇಕು. ಹಳ್ಳಕೊಳ್ಳದ ರಸ್ತೆಯಲ್ಲಿ ವೇಗ ಇದ್ದಕ್ಕಿದ್ದಂತೆ ಸೊನ್ನೆಗೆ ಇಳಿದರೆ ಬ್ಯಾಟರಿಯನ್ನು ಬೈಯುವ ಮೊದಲು ಜಿಪ್ ಟೈ ಸಡಿಲವಾಗಿ ಸೆನ್ಸರ್ ತಿರುಗಿದೆಯೇ, ಅಯಸ್ಕಾಂತ ಕಡ್ಡಿಯ ಮೇಲೆ ಜಾರಿದೆಯೇ ನೋಡಿ. ಹೊಸ ಮಾದರಿಗಳಿಗೆ ಅಯಸ್ಕಾಂತ ಬೇಡ. ವೇಗದ್ದನ್ನು ಚಕ್ರದ ನಡುವಿನ ಹಬ್‌ಗೆ ಸುತ್ತಬೇಕು. ಕೇಡೆನ್ಸ್‌ದನ್ನು ಎಡ ಕ್ರ್ಯಾಂಕಿನ (ಪೆಡಲ್ ಹಿಡಿದ ತೋಳಿನ) ಒಳಬದಿಗೆ ಕಟ್ಟಬೇಕು. ಕಟ್ಟಿದ ಮೇಲೆ ಪೆಡಲನ್ನು ಕೈಯಿಂದಲೇ ನಿಧಾನ ತಿರುಗಿಸಿ, ಸೆನ್ಸರ್ ಫ್ರೇಮಿಗೆ ತಾಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಮನೆಯೊಳಗೆ ಟ್ರೇನರ್ (ಸೈಕಲ್ ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡ್) ಮೇಲೆ ತುಳಿಯುವವರು ವೇಗದ ಸೆನ್ಸರನ್ನು ಹಿಂದಿನ ಚಕ್ರಕ್ಕೆ ಹಾಕಬೇಕು, ಅಲ್ಲಿ ಮುಂದಿನ ಚಕ್ರ ತಿರುಗುವುದೇ ಇಲ್ಲವಲ್ಲ.

ಸೆನ್ಸರನ್ನು ಕಂಪ್ಯೂಟರಿಗೆ ಜೋಡಿಸುವ ಕೆಲಸವನ್ನು ಗುಂಪಿನ ನಡುವೆ ಮಾಡಬೇಡಿ. ಪಕ್ಕದವರ ಬಡಿತ ನಿಮ್ಮ ಪರದೆಗೆ ಬಂದು ಕೂರುತ್ತದೆ. ಹತ್ತು ಮೀಟರಾದರೂ ದೂರ ಹೋಗಿ, ಪೆಡಲ್ ನಾಲ್ಕು ಸುತ್ತು ತಿರುಗಿಸಿ ಸೆನ್ಸರನ್ನು ಎಬ್ಬಿಸಿ, ಎದೆಪಟ್ಟಿ ಕಟ್ಟಿಕೊಂಡು, ಆಮೇಲೆ ಹುಡುಕಿಸಿ. ಆ್ಯಂಟ್ ಪ್ಲಸ್ ಎಂಬ ವೈರ್‌ಲೆಸ್ ಸಂಪರ್ಕದ ಮೂಲಕ ಒಂದೇ ಸೆನ್ಸರ್ ಹಲವು ಯಂತ್ರಗಳಿಗೆ ಅಂಕಿ ಕಳಿಸಬಲ್ಲದು. ಬ್ಲೂಟೂತ್‌ನಲ್ಲಿ ಹಾಗಲ್ಲ: ಬಹಳಷ್ಟು ಸೆನ್ಸರ್‌ಗಳು, ಅದರಲ್ಲೂ ಹಳೆಯವು, ಒಂದು ಯಂತ್ರಕ್ಕೇ ಅಂಟಿಕೊಳ್ಳುತ್ತವೆ. ಫೋನಿನ ಆ್ಯಪ್ ಅದನ್ನು ಮೊದಲೇ ಹಿಡಿದಿದ್ದರೆ ಕಂಪ್ಯೂಟರಿಗೆ ಸಿಗದು. ‘ಸೆನ್ಸರ್ ಕೆಟ್ಟಿದೆ’ ಎಂದು ವಾಪಸ್ ಬರುವ ಎಷ್ಟೋ ಪ್ರಕರಣಗಳಿಗೆ ಕಾರಣ ಇಷ್ಟೇ.

ಇನ್ನು ಹೃದಯ ಬಡಿತ. ಎದೆಪಟ್ಟಿ ಇಸಿಜಿಯಂತೆ ಹೃದಯದ ವಿದ್ಯುತ್ ಸಂಕೇತವನ್ನೇ ಓದುತ್ತದೆ. ಸ್ಮಾರ್ಟ್ ಕೈಗಡಿಯಾರ ಚರ್ಮದೊಳಕ್ಕೆ ಬೆಳಕು ಬಿಟ್ಟು ರಕ್ತದ ಏರಿಳಿತ ನೋಡುತ್ತದೆ. ಹ್ಯಾಂಡಲ್ ಬಿಗಿ ಹಿಡಿದ ಮಣಿಕಟ್ಟು, ರಸ್ತೆಯ ಅದುರು ಎರಡೂ ಸೇರಿ ಸೈಕಲ್ ಮೇಲೆ ಗಡಿಯಾರದ ಅಂಕಿ ಹಿಂದೆ ಬೀಳುತ್ತದೆ, ಏರು ಹತ್ತುವಾಗ ಇನ್ನೂ ಹೆಚ್ಚು. ಆದ್ದರಿಂದ ಪಟ್ಟಿಯನ್ನೇ ಬಳಸಿ. ಒಳಬದಿಯ ಎಲೆಕ್ಟ್ರೋಡ್‌ಗಳನ್ನು ನೀರಿನಿಂದ ಒದ್ದೆ ಮಾಡಿ, ಎದೆಯ ಸ್ನಾಯುವಿನ ಕೆಳಗೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಒಣ ಹವೆಯಲ್ಲಿ, ಬೆವರು ಬರುವ ಮೊದಲಿನ ಹತ್ತು ನಿಮಿಷ 200 ದಾಟಿದ ಅಂಕಿ ಕಂಡರೆ ಗಾಬರಿ ಬೇಡ. ಸಿಂಥೆಟಿಕ್ ಜರ್ಸಿ ಗಾಳಿಗೆ ಪಟಪಟಿಸಿ ಹುಟ್ಟಿಸುವ ಸ್ಥಿರವಿದ್ಯುತ್ತಿನ ಆಟ ಅದು; ಪಟ್ಟಿ ಮತ್ತೆ ಒದ್ದೆ ಮಾಡಿದರೆ ಸರಿಹೋಗುತ್ತದೆ. ಆದರೆ ಎದೆ ಬಿಗಿದರೆ, ತಲೆ ಸುತ್ತಿದರೆ, ಬಡಿತ ತಾಳ ತಪ್ಪಿದಂತೆ ಅನ್ನಿಸಿದರೆ ಪರದೆ ಏನೇ ತೋರಿಸಲಿ, ಕೂಡಲೇ ಇಳಿದು ಸಹಾಯ ಕೇಳಬೇಕು.

ಕಂಪ್ಯೂಟರಿಗೆ ವಯಸ್ಸು ಕೊಟ್ಟರೆ ಬಹುತೇಕ ಮಾದರಿಗಳು 220ರಿಂದ ವಯಸ್ಸು ಕಳೆದು ಗರಿಷ್ಠ ಬಡಿತ ಎಂದು ಬರೆದುಕೊಂಡು, ಅದರ ಮೇಲೆ ವ್ಯಾಯಾಮದ ತೀವ್ರತೆಯ ವಲಯಗಳನ್ನು ಕಟ್ಟುತ್ತವೆ. 2001ರಲ್ಲಿ ಪ್ರಕಟವಾದ ಇನ್ನೊಂದು ಸೂತ್ರದಲ್ಲಿ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು. ನಲವತ್ತರ ವಯಸ್ಸಿಗೆ ಎರಡೂ 180 ಕೊಡುತ್ತವೆ. ಅರವತ್ತಕ್ಕೆ ಒಂದು 160, ಇನ್ನೊಂದು 166. ಎರಡೂ ಸರಾಸರಿಗಳೇ. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು–ಹನ್ನೆರಡು ಬಡಿತ ಆಚೀಚೆ ಇರುವುದು ತೀರಾ ಸಾಮಾನ್ಯ. ರಕ್ತದೊತ್ತಡಕ್ಕೋ ಹೃದಯಕ್ಕೋ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗಂತೂ ಈ ಲೆಕ್ಕ ಅನ್ವಯಿಸುವುದೇ ಇಲ್ಲ. ಮಾತ್ರೆಯೇ ಬಡಿತವನ್ನು ಕಟ್ಟಿಹಾಕಿರುತ್ತದೆ. ಪರದೆ ಹೇಳಿದ 140 ಮುಟ್ಟಲೇಬೇಕೆಂದು ತುಳಿದರೆ ಶಕ್ತಿ ಮೀರಿ ತುಳಿದಂತೆಯೇ. ಅಂಥವರು ವೈದ್ಯರಿಂದಲೇ ಮಿತಿ ಕೇಳಿ ಬರೆಸಿಕೊಳ್ಳಬೇಕು. ಉಳಿದವರಿಗೂ ತುಳಿಯುತ್ತಾ ಪೂರ್ತಿ ವಾಕ್ಯ ಆಡಲು ಸಾಧ್ಯವೇ ಎಂಬ ಪರೀಕ್ಷೆ ಯಾವ ಸೂತ್ರಕ್ಕೂ ಕಡಿಮೆಯಲ್ಲ. ಕಲಬುರಗಿ, ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಅದೇ ವೇಗಕ್ಕೆ ಒಂದು ಗಂಟೆಯ ನಂತರ ಬಡಿತ ಹತ್ತು–ಹದಿನೈದು ಮೇಲೇರುವುದುಂಟು. ನೀರು ಕುಡಿಯಬೇಕು, ವೇಗ ಇಳಿಸಬೇಕು.

ಕೇಡೆನ್ಸ್ ಅಂಕಿಯನ್ನು ಹೆಚ್ಚಿನವರು ಬರೀ ನೋಡಿ ಬಿಡುತ್ತಾರೆ, ಆದರೆ ಗೇರ್ ಆಯ್ಕೆಗೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಮುಂದೆ 34, ಹಿಂದೆ 28 ಹಲ್ಲಿನ ಗೇರಿನಲ್ಲಿ ನಂದಿ ಬೆಟ್ಟದ ಕಡಿದಾದ ತಿರುವನ್ನು ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಿದರೆ ನಿಮಿಷಕ್ಕೆ ಬರೀ 52 ಸುತ್ತು. ಭಾರವೆಲ್ಲ ಮೊಣಕಾಲಿಗೆ. ಹಿಂದೆ 34 ಹಲ್ಲು ಹಾಕಿಸಿದರೆ ಅದೇ ವೇಗಕ್ಕೆ 63 ಆಗುತ್ತದೆ. ಅಂದರೆ ಕೆಲವೊಮ್ಮೆ ಕೊಳ್ಳಬೇಕಾದದ್ದು ದುಬಾರಿ ಕಂಪ್ಯೂಟರನ್ನಲ್ಲ, ಹಿಂದಿನ ಕ್ಯಾಸೆಟ್ಟನ್ನು (ಹಲ್ಲುಚಕ್ರಗಳ ಗುಚ್ಛವನ್ನು). ಸಮತಟ್ಟಿನಲ್ಲಿ 80ರಿಂದ 90 ಅಭ್ಯಾಸವಾದರೆ ಸಾಕು, ಹೊಸಬರು 70ರಿಂದ ಶುರು ಮಾಡಲಿ. ಸರಾಸರಿಯಲ್ಲಿ ಸೊನ್ನೆಗಳನ್ನು ಬಿಡುವ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಿ. ಇಲ್ಲವಾದರೆ ಇಳಿಜಾರಿನಲ್ಲಿ ತುಳಿಯದೆ ಸಾಗಿದ ಹೊತ್ತೂ ಸೇರಿ ಅಂಕಿ ಸುಮ್ಮನೆ ಕುಗ್ಗುತ್ತದೆ.

ಸವಾರಿ ಮುಗಿದ ಮೇಲೆ ಎದೆಪಟ್ಟಿಯಿಂದ ಸೆನ್ಸರ್ ಗುಂಡಿಯನ್ನು ಬಿಚ್ಚಿಡಿ. ಒದ್ದೆ ಪಟ್ಟಿಗೆ ಸಿಕ್ಕಿಸಿಯೇ ಇಟ್ಟರೆ ಅದು ಮೈಮೇಲಿದೆ ಎಂದೇ ತಿಳಿದು ಸೆಲ್ ತಿನ್ನುತ್ತಿರುತ್ತದೆ, ಬೆವರಿನ ಉಪ್ಪು ಲೋಹವನ್ನೂ ತಿನ್ನುತ್ತದೆ. ಪಟ್ಟಿಯನ್ನು ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ. ಹೆಚ್ಚಿನವುಗಳಿಗೆ ಸಿಆರ್ 2032 ಬಟನ್ ಸೆಲ್ ಬೇಕು. ಹಳೆಯದನ್ನು ತೆಗೆದು ಅರ್ಧ ನಿಮಿಷ ಬಿಟ್ಟು ಹೊಸದನ್ನು ಹಾಕಿ, ಮುಚ್ಚಳದ ರಬ್ಬರ್ ಉಂಗುರ ಸರಿಯಾಗಿ ಕೂತಿದೆಯೇ ನೋಡಿ. ಮಳೆಗಾಲದಲ್ಲಿ ನೀರು ನುಗ್ಗುವುದು ಅಲ್ಲಿಂದಲೇ. ಕಹಿ ಲೇಪನದ ಸೆಲ್ ಕೆಲವು ಸೆನ್ಸರ್‌ಗಳಲ್ಲಿ ಸಂಪರ್ಕ ಕೊಡುವುದಿಲ್ಲ, ಆದರೆ ಆ ಲೇಪನ ಇರುವುದು ಮಕ್ಕಳು ನುಂಗದಿರಲಿ ಎಂದು. ನುಂಗಿದ ಬಟನ್ ಸೆಲ್ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಹಳೆಯ ಸೆಲ್ಲುಗಳನ್ನು ಟೇಪ್ ಸುತ್ತಿ ಮಕ್ಕಳ ಕೈಗೆ ಎಟುಕದಂತೆ ಇಡಿ. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ಅಂಗಡಿಯವರಲ್ಲಿ ನಮ್ಮ ಕೋರಿಕೆ ಇಷ್ಟು: ಮಾರುವಾಗಲೇ ಗಿರಾಕಿಯ ಟೈರ್ ಅಳೆದು ಅಂಕಿ ತುಂಬಿಸಿ, ಸೆನ್ಸರ್ ಕಟ್ಟಿ ತೋರಿಸಿ, ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಒಂದು ಮಾತು ಕೇಳಿ. ಆಮದುದಾರರು ಕನ್ನಡದಲ್ಲಿ ಒಂದು ಪುಟದ ಸೂಚನೆಯನ್ನು ಡಬ್ಬಿಯೊಳಗೆ ಹಾಕಲಿ. ಪತ್ರಿಕೆಯ ಆರೋಗ್ಯ ಪುಟದಲ್ಲಿ 220ರ ಸೂತ್ರ ಅಚ್ಚಾಗುವಾಗಲೆಲ್ಲ ಅದರ ಪಕ್ಕದಲ್ಲೇ ಬೀಟಾ ಬ್ಲಾಕರ್ ಎಚ್ಚರಿಕೆಯೂ ಇರಲಿ ಎಂದು ತಮ್ಮಲ್ಲಿ ವಿನಂತಿ.

– ಸೈಕಲ್ ತರಬೇತುದಾರರು, ಧಾರವಾಡ