ಲೀಲಾವತಿಯಮ್ಮನ ನೆನಪಿನ ಜಾನುವಾರು ಶಿಬಿರ: ಕೈಜೋಡಿಸಿದವರಿಗೆಲ್ಲ ವಂದನೆ

ಹಿರಿಯ ನಟಿ ಡಾ. ಲೀಲಾವತಿಯವರ ನೆನಪಿಗಾಗಿ ಮಂಗಳೂರಿನ ಹೊರವಲಯದ ಹಟ್ಟಿಗಳಲ್ಲಿ (ದನದ ಕೊಟ್ಟಿಗೆಗಳಲ್ಲಿ) ಏರ್ಪಡಿಸಿದ್ದ ಜಾನುವಾರು ಆರೋಗ್ಯ ಶಿಬಿರ ಚೆನ್ನಾಗಿ ನಡೆಯಿತು. ಪಶುವೈದ್ಯರಿಗೆ, ಹಾಲಿನ ಸಂಘದವರಿಗೆ, ಊರಲ್ಲಿ ಜಾನುವಾರು ಆರೈಕೆಗೆ ನೆರವಾಗುವ ಪಶುಸಖಿಯರಿಗೆ, ಮದ್ದಿನ ಖರ್ಚು ವಹಿಸಿಕೊಂಡವರಿಗೆ, ಹಾಲು ಕರೆದ ಕೂಡಲೇ ದನಗಳನ್ನು ಅಂಗಳಕ್ಕೆ ತಂದು ಕಟ್ಟಿ ಕಾದ ಮನೆಯವರಿಗೆ ನಮ್ಮ ಬಳಗದ ಮನಸಾರೆ ಕೃತಜ್ಞತೆ.

ನಟಿಯ ನೆನಪಿಗೆ ದನಗಳ ಶಿಬಿರ ಯಾಕೆ ಎಂದು ಹಲವರು ಕೇಳಿದರು. ಬೆಳ್ತಂಗಡಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಮಹಾಲಿಂಗ ಭಾಗವತರ ನಾಟಕ ಕಂಪನಿಯಲ್ಲಿ ಪಳಗಿದವರು ಅವರು. 1960ರ ‘ರಾಣಿ ಹೊನ್ನಮ್ಮ’ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿ, 1976ರ ‘ನಾ ನಿನ್ನ ಮರೆಯಲಾರೆ’ಯಲ್ಲಿ ಅದೇ ರಾಜ್‌ಕುಮಾರ್ ಅವರಿಗೆ ತಾಯಿ. ನಾಯಕಿಯ ಪಾತ್ರ ಕೈತಪ್ಪಿದ ಮೇಲೆ ತೆರೆಯಿಂದಲೇ ಮರೆಯಾದವರು ಎಷ್ಟೋ ಮಂದಿ. ಇವರು ತಾಯಿಯ ಪಾತ್ರಕ್ಕೇ ತೂಕ ತಂದರು. ಕೊನೆಗೆ ನೆಲಮಂಗಲದ ಹತ್ತಿರದ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡು ನೆಲೆಸಿದರು. ಊರವರಿಗೆ ಮೊದಲು ಕಟ್ಟಿಸಿದ್ದು ಜನರ ಆಸ್ಪತ್ರೆ, ಆಮೇಲೆ ಪಶು ಆಸ್ಪತ್ರೆ. 2023ರ ನವೆಂಬರ್ ಕೊನೆಯಲ್ಲಿ ಪಶು ಆಸ್ಪತ್ರೆಯ ಉದ್ಘಾಟನೆಯಾಯಿತು. ಡಿಸೆಂಬರ್ 8ರಂದು ಅವರು ತೀರಿಕೊಂಡರು. ಅವರ ಬದುಕಿನ ಕೊನೆಯ ದೊಡ್ಡ ಕೆಲಸ ಮಾತು ಬಾರದ ಜೀವಗಳಿಗಾಗಿ ನಡೆದದ್ದು. ಹಾಗಾಗಿ ಫಲಕ, ಹಾರಗಳಿಗಿಂತ ಇದೇ ಸರಿಯಾದ ಗೌರವ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಅಳತೆ ಟೇಪು ಹಿಡಿದು ಹಟ್ಟಿ ಹಟ್ಟಿ ಸುತ್ತಿದ ಕಾಲೇಜು ಮಕ್ಕಳನ್ನು ವಿಶೇಷವಾಗಿ ನೆನೆಯಬೇಕು. ಜಂತುಹುಳದ ಮದ್ದು ತೂಕ ನೋಡಿ ಕೊಡಬೇಕು. ಕಣ್ಣಂದಾಜಿನಲ್ಲಿ ಕಡಿಮೆ ಕೊಟ್ಟರೆ ಹುಳ ಸಾಯುವುದಿಲ್ಲ, ಮದ್ದಿಗೆ ಒಗ್ಗಿಕೊಳ್ಳುತ್ತದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರಾಗಿ ಕಿಲೋ ಸಿಗುತ್ತದೆ. 60 ಇಂಚು ಸುತ್ತಳತೆ, 50 ಇಂಚು ಉದ್ದದ ದನ 273 ಕಿಲೋ. ಫೆನ್‌ಬೆಂಡಜೋಲ್ ಎಂಬ ಜಂತುಹುಳದ ಮದ್ದಾದರೆ ಕಿಲೋಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ಅದಕ್ಕೆ 1.5 ಗ್ರಾಂನ ಒಂದು ಮಾತ್ರೆ ಸಾಕು. ಇನ್ನೊಂದು ಜಂತುಹುಳದ ಮದ್ದು ಆಲ್ಬೆಂಡಜೋಲ್ ಗಬ್ಬದ ಮೊದಲ ತಿಂಗಳುಗಳಲ್ಲಿ ಕೂಡದು.

ಗೊಟ್ಟದಲ್ಲಿ (ಬಿದಿರಿನ ಕೊಳವೆಯಲ್ಲಿ) ಮದ್ದು ಕುಡಿಸುವ ಹಳೆಯ ಕೈಗಳಿಗೂ ವಂದನೆ. ತಲೆ ಮೇಲೆತ್ತಿ ನಾಲಿಗೆ ಎಳೆದು ಹಿಡಿದರೆ ಮದ್ದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮೂತಿ ನೆಲಕ್ಕೆ ಸಮನಾಗಿರಬೇಕು, ಸ್ವಲ್ಪ ಸ್ವಲ್ಪವೇ ಹೊಯ್ಯಬೇಕು, ಕೆಮ್ಮಿದರೆ ತಕ್ಷಣ ತಲೆ ಬಿಡಬೇಕು. ಇದನ್ನು ಎಳೆಯರಿಗೆ ಅವರು ತಾಳ್ಮೆಯಿಂದ ಹೇಳಿಕೊಟ್ಟರು.

ಕಾಲುಬಾಯಿ ಜ್ವರದ ಲಸಿಕೆಯ ಪೆಟ್ಟಿಗೆ ಹೊತ್ತವರ ಶ್ರದ್ಧೆ ದೊಡ್ಡದು. 2ರಿಂದ 8 ಡಿಗ್ರಿ ಸೆಲ್ಸಿಯಸ್ ಕಾಯುವುದೆಂದರೆ ಬಿಸಿಲಿಗೆ ಹೆದರುವುದಷ್ಟೇ ಅಲ್ಲ. ಸೀಸೆಗೆ ಮಂಜುಗಡ್ಡೆ ನೇರವಾಗಿ ತಾಗಿ ಹೆಪ್ಪುಗಟ್ಟಿದರೂ ಲಸಿಕೆ ಹಾಳು. ನಡುವೆ ರಟ್ಟು ಇಟ್ಟು, ಥರ್ಮಾಮೀಟರ್ ನೋಡುತ್ತಲೇ ಸಾಗಿದರು.

ಹಟ್ಟಿಯಲ್ಲಿ ದನದ ಕಾಲಡಿಗೆ ಹಾಸುವ ಸೊಪ್ಪನ್ನು ಬೇಗ ಬದಲಿಸಲು ಒಪ್ಪಿದ ಅಮ್ಮಂದಿರಿಗೆ ಎಷ್ಟು ಹೇಳಿದರೂ ಕಡಿಮೆಯೇ. ಗೊಬ್ಬರಕ್ಕಾಗಿ ಸೊಪ್ಪು ಕೊಳೆಯಬೇಕು ನಿಜ, ಆದರೆ ಮಳೆಗಾಲದ ಆ ಒದ್ದೆಯಲ್ಲೇ ಕೆಚ್ಚಲು ಬಾವು ಶುರುವಾಗುವುದು. ಕರೆದ ಮೇಲೆ ಅರ್ಧ ಗಂಟೆ ಮೊಲೆಯ ತೂತು ಪೂರ್ತಿ ಮುಚ್ಚಿರುವುದಿಲ್ಲ, ಆಗ ಒದ್ದೆಯಲ್ಲಿ ಮಲಗಿದರೆ ಸೋಂಕು ಒಳಗೆ ಹೋಗುತ್ತದೆ. ಆ ಹೊತ್ತಿಗೆ ಮುಂದೆ ಹಸಿಹುಲ್ಲು ಹಾಕಿದರೆ ದನ ಮಲಗದೆ ನಿಂತೇ ಮೇಯುತ್ತದೆ.

ಮೊದಲ ಸಲ ಲಸಿಕೆ ಪಡೆದ ಕರುಗಳಿಗೆ ತಿಂಗಳ ನಂತರ ಎರಡನೆಯ ಡೋಸ್ ಬೇಕು, ಆಮೇಲೆ ಆರು ತಿಂಗಳಿಗೊಮ್ಮೆ. ಕಿವಿಯೋಲೆಯ ನಂಬರ್ ಬರೆದ ಪಟ್ಟಿ ಹಾಲಿನ ಸಂಘದಲ್ಲಿದೆ. ಹಾಲು ಹಾಕಲು ಬಂದಾಗ ನಿಮ್ಮ ಕರುವಿನ ದಿನ ನೋಡಿಕೊಂಡು ಹೋಗಿ.