ವಚನಗಳ ನಕ್ಷೆಯಲ್ಲಿ ಕನ್ನಡ ಪದಗಳೇ ಒಡೆದುಹೋಗಿವೆ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ಪಠ್ಯ ನಕ್ಷೆ ತಂತ್ರಾಂಶದ ದೋಷ ಸರಿಪಡಿಸುವ ಬಗ್ಗೆ

ಮಾನ್ಯರೇ,

ನಮ್ಮ ಕಾಲೇಜಿನ ಕನ್ನಡ ವಿಭಾಗ ನಿಮ್ಮ ಸೇವೆಗೆ ವರ್ಷದ ಚಂದಾ ಕಟ್ಟಿದೆ. ಸಾವಿರಾರು ವಚನಗಳನ್ನು ಒಂದೇ ಪರದೆ ಮೇಲೆ ಹರಡಿಕೊಂಡು, ಯಾವುದು ಯಾವುದಕ್ಕೆ ಹತ್ತಿರ ಅಂತ ಎಂ.ಎ. ವಿದ್ಯಾರ್ಥಿಗಳು ತಾವೇ ಹುಡುಕಲಿ ಎಂಬುದು ನಮ್ಮ ಆಸೆ. ಒಂದು ವಚನಕ್ಕೆ ಒಂದು ಚುಕ್ಕೆ. ಒಂದೇ ಥರದ ಪದಗಳಿರುವ ವಚನಗಳು ಅಕ್ಕಪಕ್ಕ. ನೋಡೋಕೆ ಚೆನ್ನಾಗಿದೆ. ಪಕ್ಕದಲ್ಲಿ ತಂತ್ರಾಂಶ ಎಣಿಸಿರುವ ಪದಗಳ ಪಟ್ಟಿ ಓದಿದರೆ ಮಾತ್ರ ಗಾಬರಿಯಾಗುತ್ತದೆ.

ಬಸವಣ್ಣನವರ ಅಂಕಿತ ‘ಕೂಡಲಸಂಗಮದೇವ’. ನಿಮ್ಮ ಪಟ್ಟಿಯಲ್ಲಿ ಅದು ‘ಡಲಸ’, ‘ಗಮದ’ ಎಂಬ ಎರಡು ತುಂಡು. ಅಕ್ಕಮಹಾದೇವಿಯ ‘ಚೆನ್ನಮಲ್ಲಿಕಾರ್ಜುನ’ ಬರೀ ‘ನಮಲ’. ‘ಭಕ್ತಿ’ ಹೋಗಿ ‘ಭಕ’ ಆಗಿದೆ. ಇವು ತಪ್ಪು ಅಂತ ಯಾರಿಗಾದರೂ ಕಣ್ಣಿಗೆ ಹೊಡೆಯುತ್ತದೆ. ಕಣ್ಣಿಗೆ ಬೀಳದ ತಪ್ಪೇ ಜಾಸ್ತಿ ಅಪಾಯ. ಜೇಡರ ದಾಸಿಮಯ್ಯನ ‘ರಾಮನಾಥ’ ಒಡೆದು ‘ಮನ’ ಎಂದು ಎಣಿಕೆಯಾಗಿದೆ. ಮನ ವಚನಗಳಲ್ಲಿ ಮತ್ತೆ ಮತ್ತೆ ಬರುವ ನಿಜವಾದ ಪದ, ಅಲ್ವಾ? ಹಾಗಾಗಿ ದಾಸಿಮಯ್ಯನ ವಚನಗಳು ಮನಸ್ಸಿನ ಕುರಿತ ವಚನಗಳ ಗುಂಪಿಗೆ ಹೋಗಿ ಕೂತಿವೆ. ಅಲ್ಲಮನ ‘ಗುಹೇಶ್ವರ’ದಲ್ಲಿ ಉಳಿದಿರುವುದು ‘ವರ’. ವಿದ್ಯಾರ್ಥಿನಿಯೊಬ್ಬಳು ಈ ನಕ್ಷೆಯನ್ನೇ ನಂಬಿ ದಾಸಿಮಯ್ಯನ ಬಗ್ಗೆ ಪ್ರಬಂಧ ಶುರು ಮಾಡಿದ್ದಳು. ಅವಳ ಶ್ರಮ ದಂಡವಾಯಿತು. ನನಗೆ ತುಂಬಾ ಬೇಜಾರಾಗಿರುವುದು ಇದಕ್ಕೇ.

ನಿಮ್ಮ ಸಹಾಯವಾಣಿಯವರು ಫಾಂಟ್ ಬದಲಿಸಿ ನೋಡಿ ಎಂದರು. ಇದು ಫಾಂಟಿನ ತೊಂದರೆ ಅಲ್ಲ. ಕಂಪ್ಯೂಟರ್‌ನಲ್ಲಿ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ನಮ್ಮ ಕಾಗುಣಿತದ ಗುರುತು, ಅನುಸ್ವಾರ, ಒತ್ತಕ್ಷರ ಕೂಡಿಸುವ ಹಲಂತ ಇವೆಲ್ಲ ‘ಅಕ್ಷರ’ದ ಗುಂಪಿನಲ್ಲಿಲ್ಲ, ‘ಮಾರ್ಕ್’ ಎಂಬ ಬೇರೆ ಗುಂಪಿನಲ್ಲಿವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪದ ಬಿಡಿಸಲು ಸಾಮಾನ್ಯವಾಗಿ ಬಳಸುವ ಸೂತ್ರ, ಮಾರ್ಕ್ ಸಿಕ್ಕ ಕೂಡಲೇ ಪದ ಮುಗಿಯಿತು ಎಂದುಕೊಳ್ಳುತ್ತದೆ. ಒಂಟಿ ಅಕ್ಷರ ಉಳಿದರೆ ಬಿಟ್ಟೇಬಿಡುತ್ತದೆ. ಮೇಲಿನ ತುಂಡುಗಳು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತವೆ. ಹಿಂದಿಗೂ ಇದೇ ಗತಿ. ಇದು ಪ್ರೋಗ್ರಾಮರ್‌ಗಳಿಗೆ ಗೊತ್ತಿರುವ ಹಳೇ ಸಮಸ್ಯೆ. ‘ಭಾರತೀಯ ಭಾಷೆಗಳಿಗೂ ಬೆಂಬಲ’ ಎಂದು ಜಾಹೀರಾತಿನಲ್ಲಿ ಹಾಕುವ ಮೊದಲು ಒಂದೇ ಒಂದು ಕನ್ನಡ ಸಾಲು ಕೊಟ್ಟು ನೋಡಿದ್ದರೂ ಸಾಕಿತ್ತು.

ಇನ್ನೊಂದು ವಿಷಯ. ಚುಕ್ಕೆ ಒತ್ತಿದರೆ ವಚನದ ಮೊದಲ ಎರಡು ಸಾಲು ಮಾತ್ರ ಕಾಣುತ್ತದೆ. ಅಂಕಿತ ಬರುವುದು ಕೊನೆಯಲ್ಲಿ. ಅದಿಲ್ಲದೆ ಯಾರ ವಚನ ಅಂತ ಹೇಗೆ ತಿಳಿಯಬೇಕು? ಮೊದಲು ಇಡೀ ನೋಟ, ಆಮೇಲೆ ಸೋಸುವುದು, ಕೇಳಿದಾಗ ಪೂರ್ತಿ ವಿವರ ಎಂದು ಕಂಪ್ಯೂಟರ್ ವಿಜ್ಞಾನಿ ಬೆನ್ ಶ್ನೈಡರ್‌ಮನ್ 1996ರಲ್ಲೇ ಹೇಳಿದ್ದಾರೆ. ನಿಮ್ಮಲ್ಲಿ ಮೊದಲನೆಯದು ಮಾತ್ರ ಇದೆ.

ಪದ ಬಿಡಿಸುವ ಸೂತ್ರಕ್ಕೆ ಮಾರ್ಕ್‌ಗಳನ್ನೂ ಸೇರಿಸಿ, ನಮ್ಮ ಸಂಗ್ರಹದ ನಕ್ಷೆಯನ್ನು ಹೊಸದಾಗಿ ಮಾಡಿಕೊಡಿ. ಅಂಕಿತಗಳನ್ನು ಎಣಿಕೆಯಿಂದ ಹೊರಗಿಡುವ ಆಯ್ಕೆಯೂ ಬೇಕು. ಇಲ್ಲದಿದ್ದರೆ, ಒಬ್ಬರ ವಚನಗಳಲ್ಲೆಲ್ಲ ಒಂದೇ ಅಂಕಿತ ಇರುವುದರಿಂದ, ಪದ ಸರಿಯಾದ ಮೇಲೂ ನಕ್ಷೆ ವಿಷಯಕ್ಕಿಂತ ವಚನಕಾರರ ಪ್ರಕಾರವೇ ಗುಂಪು ಕಟ್ಟುವ ಸಾಧ್ಯತೆ ಇದೆ. ಚುಕ್ಕೆ ಒತ್ತಿದರೆ ವಚನ ಪೂರ್ತಿ ತೆರೆಯಲಿ. ಮುಂದಿನ ಸೆಮಿಸ್ಟರ್ ಶುರುವಾಗುವುದರೊಳಗೆ ಇಷ್ಟು ಆಗದಿದ್ದರೆ ಉಳಿದ ಅವಧಿಯ ಚಂದಾ ಹಣ ವಾಪಸ್ ಕೊಡಿ. ತಪ್ಪು ಪದಪಟ್ಟಿಯ ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದ್ದೇನೆ. ದಯವಿಟ್ಟು ಸಹಾಯವಾಣಿಗೆ ದಾಟಿಸದೆ, ಕೋಡ್ ಬರೆಯುವವರಿಗೇ ತೋರಿಸಿ.

ಇಂತಿ ತಮ್ಮ ವಿಶ್ವಾಸಿ,
ಅಧ್ಯಾಪಕಿ, ಕನ್ನಡ ವಿಭಾಗ