ಮಗ್ಗುಲು ಬದಲಿಸುವುದನ್ನು ಆಸ್ಪತ್ರೆಯಲ್ಲೇ ಕಲಿಸಲಿ

ಮಾನ್ಯ ಸಂಪಾದಕರೇ,

ಪಾರ್ಶ್ವವಾಯುವಿನಿಂದಲೋ ಬೆನ್ನುಹುರಿಗೆ ಪೆಟ್ಟಾಗಿಯೋ ಹಾಸಿಗೆ ಹಿಡಿದವರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಮಾತ್ರೆಗಳ ಚೀಟಿಯನ್ನು ಎರಡೆರಡು ಸಲ ವಿವರಿಸುತ್ತಾರೆ. ಹಾಸಿಗೆ ಹುಣ್ಣು ಆಗದಂತೆ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವ ಬಗೆಯನ್ನು ಮಾತ್ರ ಮನೆಯವರ ಕೈಯಿಂದ ಒಮ್ಮೆಯೂ ಮಾಡಿಸಿ ನೋಡುವುದಿಲ್ಲ. ನಮಗಾದದ್ದೂ ಹೀಗೆಯೇ.

ನಮ್ಮ ತಂದೆ ಮನೆಗೆ ಬಂದ ಎರಡನೆಯ ವಾರದಲ್ಲಿ ಅವರ ಬೆನ್ನಿನ ಕೆಳತುದಿಯಲ್ಲಿ ನಾಣ್ಯದಗಲದ ಜಾಗ ಕಪ್ಪಿಟ್ಟಿತ್ತು. ರಕ್ತ ಓಡಾಡಲಿ ಎಂದು ನಾನು ಅಲ್ಲಿಗೆ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ, ಮೇಲೆ ಪೌಡರ್ ಉದುರಿಸಿದೆ. ನಾಲ್ಕನೆಯ ದಿನ ಚರ್ಮ ಕಿತ್ತುಬಂತು. ಡ್ರೆಸ್ಸಿಂಗ್ ಮಾಡಲು ಬಂದ ನರ್ಸ್, ತಿಕ್ಕಿದ್ದರಿಂದಲೇ ಕೆಟ್ಟದ್ದು ಇನ್ನಷ್ಟು ಕೆಟ್ಟಿತು ಎಂದರು. ಗಾಯ ಮಾಯಲು ತಿಂಗಳುಗಳೇ ಹಿಡಿದವು.

ಹಾಸಿಗೆ ಹುಣ್ಣು ಎಂಬ ಹೆಸರು ಕೇಳಿದವರಿಗೆ ತಪ್ಪು ಹಾಸಿಗೆಯದು ಎನ್ನಿಸುತ್ತದೆ. ನಿಜವಾಗಿ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸದಲ್ಲಿ ಸಣ್ಣ ರಕ್ತನಾಳಗಳು ಅದುಮಿಕೊಂಡು ರಕ್ತ ಹರಿಯುವುದು ನಿಲ್ಲುತ್ತದೆ. ಚರ್ಮಕ್ಕಿಂತ ಸ್ನಾಯು ಬೇಗ ಸೋಲುವುದರಿಂದ, ಅನೇಕ ವೇಳೆ ಮೇಲೆ ಸಣ್ಣ ಕಲೆ ಮೂಡುವಷ್ಟರಲ್ಲಿ ಒಳಗೆ ದೊಡ್ಡ ಹಾನಿಯಾಗಿರುತ್ತದೆ. ಚರ್ಮ ಒಡೆಯದಿದ್ದರೂ ಗಾಯ ಗಾಯವೇ ಎಂಬ ಕಾರಣಕ್ಕೆ ಅಮೆರಿಕದ ತಜ್ಞರ ಸಲಹಾ ಮಂಡಳಿಯು 2016ರಲ್ಲಿ ‘ಹುಣ್ಣು’ ಎಂಬ ಪದವನ್ನು ಬಿಟ್ಟು ‘ಒತ್ತಡದ ಗಾಯ’ ಎಂದು ಕರೆಯಿತು. ಒತ್ತಡದ ಜೊತೆಗೆ ಜಾರುವಿಕೆಯೂ ಶತ್ರು: ತಲೆಯ ಕಡೆ ಮಂಚವನ್ನು ಎತ್ತರಿಸಿದಾಗ ಮೈ ಕೆಳಗೆ ಸರಿಯುತ್ತದೆ, ಚರ್ಮ ಹಾಸುಬಟ್ಟೆಗೆ ಅಂಟಿಕೊಂಡೇ ಇರುತ್ತದೆ, ನಡುವಿನ ರಕ್ತನಾಳಗಳು ಎಳೆತಕ್ಕೆ ಸಿಕ್ಕಿ ಹರಿದುಹೋಗುತ್ತವೆ. ಆದ್ದರಿಂದ ಊಟದ ಹೊತ್ತು ಅಥವಾ ವೈದ್ಯರು ಹೇಳಿದ ಸಂದರ್ಭ ಬಿಟ್ಟರೆ 30 ಡಿಗ್ರಿಗಿಂತ ಹೆಚ್ಚು ಎತ್ತರಿಸದಿರುವುದು ಒಳ್ಳೆಯದು. ರೋಗಿಯನ್ನು ಮೇಲಕ್ಕೆ ಸರಿಸಬೇಕಾದಾಗ ಕಂಕುಳಿಗೆ ಕೈಹಾಕಿ ಎಳೆಯದೆ, ಮೈಯಡಿ ಹಾಸಿದ ಬಟ್ಟೆಯನ್ನು ಇಬ್ಬರು ಹಿಡಿದು ಎತ್ತಬೇಕು.

ಚರ್ಮ ಕೆಂಪಾಗಿ, ಬೆರಳಿನಿಂದ ಒತ್ತಿದಾಗಲೂ ಬಿಳಿಚದಿದ್ದರೆ ಎಚ್ಚರ ಎಂದು ಕೈಪಿಡಿಗಳು ಹೇಳುತ್ತವೆ. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪು ಕಣ್ಣಿಗೆ ಬೀಳುವುದೇ ಕಷ್ಟ. ಅಂಥಲ್ಲಿ ಕೈಯ ಹಿಂಬದಿಯನ್ನು ತಾಗಿಸಿ, ಪಕ್ಕದ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿದೆಯೇ, ತಣ್ಣಗಿದೆಯೇ, ಗಟ್ಟಿಯಾಗಿದೆಯೇ, ಮೆತ್ತಗಾಗಿದೆಯೇ ಎಂದು ದಿನವೂ ನೋಡಬೇಕು. ಬೆನ್ನಿನ ಕೆಳತುದಿ, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ತಲೆಯ ಹಿಂಭಾಗಗಳಷ್ಟೇ ಅಲ್ಲ, ಆಮ್ಲಜನಕದ ಕೊಳವೆ ಒತ್ತುವ ಕಿವಿಯ ಹಿಂದೆಯೂ ಕಣ್ಣಿರಲಿ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿಯಲ್ಲಿರುವ ಅಂದಾಜು. ಕೆಲವರ ಚರ್ಮ ಅಷ್ಟನ್ನೂ ತಾಳದು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಬೀಳುವುದರಿಂದ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ಓರೆಯಾಗಿ ಮಲಗಿಸುವುದೇ ಮೇಲು. ದಿಂಬನ್ನು ಮೀನಖಂಡದ ಉದ್ದಕ್ಕೂ ಇಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡಬೇಕು. ಹಿಮ್ಮಡಿಯ ಕೆಳಗೆ ಒಂದು ಕಾಗದದ ಹಾಳೆ ಸಲೀಸಾಗಿ ಜಾರಿದರೆ ಸರಿಯಾಗಿದೆ ಎಂದರ್ಥ. ಗಾಲಿಕುರ್ಚಿಯಲ್ಲಿ ಕುಳಿತವರು 15ರಿಂದ 30 ನಿಮಿಷಕ್ಕೊಮ್ಮೆ ಭಾರ ಬದಲಿಸಬೇಕು. ಒದ್ದೆ ಬಟ್ಟೆಯನ್ನು ಕೂಡಲೇ ಬದಲಿಸುವುದು, ಸಾಕಷ್ಟು ಪ್ರೋಟೀನ್ ಕೊಡುವುದು ಹೇಗೂ ಇದ್ದದ್ದೇ.

ನಡುವೆ ತೂತಿರುವ ಉಂಗುರದಂಥ ದಿಂಬನ್ನು ನಾವೂ ಕೊಂಡಿದ್ದೆವು. ಅದು ಸುತ್ತಲಿನ ಚರ್ಮವನ್ನು ಅದುಮಿ ನಡುವಿನ ಭಾಗಕ್ಕೆ ರಕ್ತ ಬರದಂತೆ ಮಾಡುತ್ತದೆಂದು ತಜ್ಞರು ಬೇಡವೆನ್ನುತ್ತಾರೆ. ಗಾಳಿ ಹಾಸಿಗೆಯಿಂದ ಉಪಯೋಗವಿದೆ, ನಿಜ. ಆದರೆ ಅದರ ಮೋಟಾರು ಓಡುತ್ತಿದೆ ಎಂಬ ಧೈರ್ಯದಲ್ಲಿ ನಾವು ಇಡೀ ರಾತ್ರಿ ಮಗ್ಗುಲು ಬದಲಿಸದೆ ನಿದ್ದೆ ಹೋದದ್ದುಂಟು.

ಈ ಹುಣ್ಣು ಆಳವಾದರೆ ಸೋಂಕು ಮೂಳೆಗೂ ರಕ್ತಕ್ಕೂ ಇಳಿದು ಜೀವಕ್ಕೇ ಎರವಾಗಬಹುದು. ಆಸ್ಪತ್ರೆಗಳು ರೋಗಿಯನ್ನು ಬಿಡುಗಡೆ ಮಾಡುವ ಮೊದಲು, ಮನೆಯಲ್ಲಿ ರಾತ್ರಿ ಎದ್ದು ನೋಡಿಕೊಳ್ಳುವವರು ಯಾರೆಂದು ಕೇಳಿ, ಅವರನ್ನೇ ಕರೆಸಿ, ಮಗ್ಗುಲು ಬದಲಿಸುವುದನ್ನೂ ಚರ್ಮ ಮುಟ್ಟಿ ನೋಡುವುದನ್ನೂ ಅವರ ಕೈಯಿಂದ ಮಾಡಿಸಿಯೇ ಕಳಿಸಲಿ ಎಂದು ಕೋರುತ್ತೇನೆ.

ಇತಿ,
ಓದುಗರೊಬ್ಬರು